ಲಾರಿ ಹೊರಡುವ ಮುಂಚಿನ ಪೂಜೆ

ಬೆಳಿಗ್ಗೆ ವಿದ್ಯಾರಣ್ಯಪುರಂನ ನಮ್ಮ ಬೀದಿಗೆ ಇಟ್ಟಿಗೆ ಲಾರಿಯೊಂದು ಬಂದು ನಿಂತಿತ್ತು. ಅಡುಗೆಮನೆ ಕಿಟಕಿಯಿಂದ ಡೀಸೆಲ್ಲಿನ ಜೊತೆಗೆ ಊದುಬತ್ತಿಯ ವಾಸನೆಯೂ ಒಳಗೆ ಬಂತು. ಮೈಸೂರಿನಲ್ಲಿ ಊದುಬತ್ತಿ ವಾಸನೆ ಬಂದರೆ ಅದೇನು ದೊಡ್ಡ ವಿಶೇಷ ಎನ್ನುತ್ತೀರಿ. ನಿಜ. ಆದರೆ ಡೀಸೆಲ್ ಬೆರೆತ ಊದುಬತ್ತಿ ಮೂಗಿಗೆ ಬಿದ್ದರೆ ನನಗೆ ಮಾದೇವಣ್ಣನವರ ನೆನಪಾಗುತ್ತದೆ, ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಇವತ್ತೂ ಉಕ್ಕಿತು.

ನಾನು ಲಾರಿ ಡ್ರೈವರ್‌ಗಳಿಗೆ ಸುರಕ್ಷತೆಯ ಪಾಠ ಹೇಳುವವಳು. ಸ್ಕೂಟರನ್ನೇ ಎರಡೂ ಕಾಲು ನೆಲಕ್ಕೆ ಊರಿಕೊಂಡು ಓಡಿಸುವ ಇವಳು ಅವರಿಗೇನು ಕಲಿಸುತ್ತಾಳೆ ಎಂದು ನಮ್ಮ ಮನೆಯವರಿಗೇ ಅನುಮಾನ. ಡ್ರೈವರ್‌ಗಳಿಗೂ ಇತ್ತೆಂದು ಕಾಣುತ್ತದೆ. ಗೋಡೆಯ ಮೇಲೆ ನಾನು ಬ್ರೇಕಿನ ಚಿತ್ರ ತೋರಿಸಲು ದೀಪ ಆರಿಸಿದರೆ ಸಾಕು, ಅವರು ಗೊರಕೆ ಶುರು ಮಾಡುತ್ತಿದ್ದರು. ಪಾಪ, ಫ್ಯಾನಿನ ಕೆಳಗೆ ಕಾಲು ಚಾಚುವ ಯೋಗ ಅವರಿಗೆ ಸಿಗುತ್ತಿದ್ದುದೇ ಆಗ. ಎಬ್ಬಿಸಲು ನನಗೂ ಮನಸ್ಸು ಬರುತ್ತಿರಲಿಲ್ಲ.

ಗಾಡಿ ತೆಗೆಯುವ ಮುಂಚೆ ಒಂದು ಸುತ್ತು ಬಂದು ಬ್ರೇಕು, ಟೈರು, ನಟ್ಟು ನೋಡಬೇಕು ಎಂದು ಒಂದು ದಿನ ಹೇಳುತ್ತಿದ್ದೆ. ಮಾದೇವಣ್ಣ ಎದ್ದು ನಿಂತರು. ತರಕಾರಿ ತುಂಬಿಕೊಂಡು ಕೇರಳದ ಘಾಟಿ ಇಳಿಯುವ ಲಾರಿಯವರು ಅವರು. ನರೆತ ಮೀಸೆ, ಮೆತ್ತಗಿನ ಮಾತು.

"ನೋಡ್ಬೋದು ಮೇಡಮ್ಮೋರೆ. ಆದ್ರೆ ನಮ್ ಯಜಮಾನ್ರು ಬುಡ್ಬೇಕಲ್ಲ. ಬಗ್ಗಿ ಟೈರು ನೋಡುದ್ರೆ, ಏಳೋ, ಮಾರ್ಕೆಟ್ ತಪ್ಪೋಯ್ತದೆ ಅಂತಾರೆ. ಪೂಜೆ ಮಾಡೋವಾಗ ಮಾತ್ರ ಸುಮ್ಕಿರ್ತಾರೆ."

"ಹಾಗಾದ್ರೆ ಪೂಜೆ ಮಾಡ್ತಾನೇ ನೋಡ್ಬಿಡಿ. ಡೀಸೆಲ್ ಟ್ಯಾಂಕ್ ಹತ್ರ ಮಾತ್ರ ಊದುಬತ್ತಿ ಹಿಡೀಬೇಡಿ" ಎಂದೆ. ತಮಾಷೆಗೆ ಹೇಳಿದ್ದು. ಎಲ್ಲರೂ ನಕ್ಕರು, ನಾನು ಮುಂದಿನ ಚಿತ್ರಕ್ಕೆ ಹೋದೆ.

ಕೆಲವು ತಿಂಗಳ ಮೇಲೆ, ನನ್ನ ಪಾಠ ಎಷ್ಟು ತಲೆಗೆ ಹತ್ತಿದೆ ನೋಡೋಣವೆಂದು ಮಂಡಕಳ್ಳಿ ದಾರಿಯಲ್ಲಿದ್ದ ಅವರ ಲಾರಿ ಶೆಡ್ಡಿಗೆ ಹೋದೆ. ಮಾಲೀಕರು ಗುರುಪಾದಪ್ಪನವರು, ಹಣೆ ತುಂಬ ವಿಭೂತಿ. ಕೆಟ್ಟವರೇನಲ್ಲ, ನನಗೆ ಕಾಫಿ ತರಿಸಿದರು. ಆದರೆ ಟೊಮೆಟೊ ಕಾಯುವುದಿಲ್ಲವಲ್ಲ, ಅವರಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಮಾದೇವಣ್ಣ ಎಂಜಿನ್ ಚಾಲೂ ಇಟ್ಟು, ತಟ್ಟೆ ಹಿಡಿದು ಲಾರಿಯ ಸುತ್ತ ಹೊರಟಿದ್ದರು. ಒಂದೊಂದು ಚಕ್ರಕ್ಕೂ ಕುಂಕುಮ ಇಟ್ಟು, ಅದೇ ಬೆರಳಲ್ಲಿ ನಟ್ಟು ಅಲುಗಿಸಿ ನೋಡುತ್ತಿದ್ದರು. ನನ್ನ ತಮಾಷೆಯನ್ನು ಈ ಮನುಷ್ಯ ಪಾಠವೆಂದೇ ಕಲಿತಿದ್ದರು! ಹಿಂದಿನ ಚಕ್ರದ ಬಳಿ ಕೂತು, ಬ್ರೇಕಿಗೆ ಗಾಳಿ ಹೋಗುವ ಪೈಪಿನ ಹತ್ತಿರ ಊದುಬತ್ತಿ ಹಿಡಿದರು. ನೆಟ್ಟಗೆ ಏಳುತ್ತಿದ್ದ ಹೊಗೆ ಪಕ್ಕಕ್ಕೆ ಚದುರಿತು. ಮತ್ತೆ ಹಿಡಿದರು, ಮತ್ತೆ ಚದುರಿತು. ಎದ್ದು ಬಂದರು.

"ಬ್ರೇಕ್ ಪೈಪಲ್ಲಿ ಗಾಳಿ ಸೋರ್ತಾ ಅದೆ ಯಜಮಾನ್ರೇ."

"ವಾಪಸ್ ಬಂದ್ಮೇಲೆ ಮಾಡ್ಸೋಣ. ಹೊರಡು."

"ಘಾಟಿ ಇಳೀಬೇಕು. ನಾ ತೆಗೆಯಕ್ಕಿಲ್ಲ."

"ಹಂಗಾದ್ರೆ ಕೀ ಇಟ್ಬುಟ್ಟು ಹೋಗು. ನಾಳೆಯಿಂದ ಬರ್ಬೇಡ."

ಮಾದೇವಣ್ಣ ಎಂಜಿನ್ ಆರಿಸಿ, ಕೀಯನ್ನು ಪೂಜೆಯ ತಟ್ಟೆಯಲ್ಲೇ ಇಟ್ಟರು. ಆ ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಒಬ್ಬರ ಅನ್ನಕ್ಕೆ ಕಲ್ಲು ಹಾಕಿಬಿಟ್ಟೆನಲ್ಲ ಎಂದುಕೊಂಡೆ.

"ಯಾರಾದ್ರೂ ತಗೊಂಡೋಗ್ರೋ ಈ ಗಾಡಿನಾ" ಎಂದು ಗುರುಪಾದಪ್ಪನವರು ಉಳಿದ ಡ್ರೈವರ್‌ಗಳ ಕಡೆ ತಿರುಗಿದರು. ಅವರು ಮುಖ ಮುಖ ನೋಡಿಕೊಂಡರು. ಒಬ್ಬರು ಬಂದು ತಟ್ಟೆಯಿಂದ ಊದುಬತ್ತಿ ತೆಗೆದುಕೊಂಡು, ಹಚ್ಚಿ, ತಮ್ಮ ಲಾರಿಯ ಪೂಜೆಗೆ ಹೋದರು. ಹಿಂದೆಯೇ ಇನ್ನೊಬ್ಬರು. ಮತ್ತೊಬ್ಬರು. ಸ್ವಲ್ಪ ಹೊತ್ತಿನಲ್ಲಿ ಶೆಡ್ಡಿನ ತುಂಬ ಪೂಜೆಯೋ ಪೂಜೆ. ನನ್ನ ತರಗತಿಯಲ್ಲಿ ಗೊರಕೆ ಹೊಡೆದವರೇ ಒಂದೊಂದು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಪೂಜೆಗೆ ಕೂತವರನ್ನು ಗುರುಪಾದಪ್ಪನವರು ಎಬ್ಬಿಸುವುದಾದರೂ ಹೇಗೆ? ಒಂದು ಲಾರಿಯೂ ಕದಲಲಿಲ್ಲ, ನನಗೆ ನಗು ಬಂತು.

ಕೊನೆಗೆ ಯಜಮಾನರು ಗೊಣಗಿಕೊಂಡೇ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಆತ ಬಿಚ್ಚಿದ ಪೈಪು ಉದ್ದಕ್ಕೂ ಬಿರುಕು ಬಿಟ್ಟಿತ್ತು. ಗುರುಪಾದಪ್ಪನವರು ಅದನ್ನು ಕೈಯಲ್ಲಿ ಹಿಡಿದು ನೋಡಿದರು. ತಟ್ಟೆಯಲ್ಲಿದ್ದ ಕೀ ಎತ್ತಿ ತಾವೇ ಮಾದೇವಣ್ಣನ ಕೈಗೆ ಕೊಟ್ಟರು.

ಇವತ್ತು ಮಧ್ಯಾಹ್ನ ಒಂಟಿಕೊಪ್ಪಲಿನಿಂದ ಒಬ್ಬ ಲಾರಿ ಮಾಲೀಕರ ಫೋನ್ ಬಂತು. ಮುಂದಿನ ತರಗತಿಗೆ ಡ್ರೈವರ್‌ಗಳನ್ನು ಕಳಿಸುತ್ತಾರಂತೆ. ಇಷ್ಟು ವರ್ಷ ಇಂಥ ಫೋನಿಗೆಲ್ಲ "ಆಗಲಿ" ಎಂದು ಇಟ್ಟುಬಿಡುತ್ತಿದ್ದೆ. ಬೆಳಗಿನಿಂದ ತಟ್ಟೆಯಲ್ಲಿಟ್ಟ ಆ ಕೀ ಕಣ್ಣ ಮುಂದಿದ್ದುದರಿಂದಲೋ ಏನೋ, "ಅವರ ಜೊತೆ ನೀವೂ ಬನ್ನಿ" ಎಂದೆ.

"ನಾನ್ಯಾಕೆ ಮೇಡಂ? ನಾನು ಲಾರಿ ಓಡ್ಸಲ್ವಲ್ಲ."

"ಹೊರಡು ಅನ್ನೋರು ನೀವೇ ಅಲ್ವಾ?"

ಆ ಕಡೆ ಪೆನ್ನು ಹುಡುಕುವ ಸದ್ದಾಯಿತು.

"ಎಷ್ಟೊತ್ತಿಗೆ ಬರ್ಬೇಕು ಹೇಳಿ" ಎಂದರು.