ವೆಸ್ಟ್ ಇಂಡೀಸ್ ಸೀಟು

ನಮ್ಮ ಬಸ್ಸಿನಲ್ಲಿ ಇಂಡಿಯಾ ಡ್ರೈವರಿನದು. ಇಂಡಿಯಾವನ್ನು ಯಾರಿಗೆ ಕೊಟ್ಟರೂ ಉಳಿದವರು ಮುನಿಸಿಕೊಳ್ಳುತ್ತಾರೆ, ಡ್ರೈವರಿಗಾದರೆ ಸೋತರೂ ಗೆದ್ದರೂ ಸೀಟು ಇದ್ದೇ ಇರುತ್ತದೆ ಎಂದು ನಾನು ಬರುವ ಮೊದಲೇ ತೀರ್ಮಾನವಾಗಿತ್ತು. ಅದೇ ನ್ಯಾಯದಲ್ಲಿ ಜಿಂಬಾಬ್ವೆ ಕಂಡಕ್ಟರಿನದು. ಅವರು ಹೇಗಿದ್ದರೂ ನಿಂತೇ ಇರುವವರು.

ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬೆಳಿಗ್ಗೆ ಹೊರಡುವ ಬಸ್ಸು ಅದು. ನಾನು ಹತ್ತುವುದು ನಡುವೆ, ಮಂಚೇನಹಳ್ಳಿಯಲ್ಲಿ. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಮುಂದಿನ ಹೆಂಗಸರ ಸೀಟುಗಳೆಲ್ಲ ಗೌರಿಬಿದನೂರಿನಲ್ಲೇ ಭರ್ತಿಯಾಗಿಬಿಡುತ್ತವೆ. ದಿನಾ ಕೆಲಸಕ್ಕೆ ಓಡಾಡುವ ನಾವು ಎಂಟೊಂಬತ್ತು ಜನ. ಅಲ್ಲಿ ಹತ್ತುವವರು ಕಿಟಕಿಯಿಂದ ಟವೆಲ್ಲು, ಊಟದ ಬ್ಯಾಗು, ಒಮ್ಮೊಮ್ಮೆ ಕೊಡೆ ಎಸೆದು ಐದು ಸೀಟು ಹಿಡಿದಿಡುತ್ತಾರೆ. ಹಿಡಿದ ಸೀಟಿಗಿಂತ ಕೂರುವವರು ಹೆಚ್ಚಾದರೆ ಜಗಳ ತಪ್ಪಿದ್ದಲ್ಲ. ಆ ಜಗಳ ತೀರಿಸಲು ಹುಟ್ಟಿದ್ದು ಟೆಸ್ಟ್ ಕ್ರಿಕೆಟ್ ರ್‍ಯಾಂಕಿಂಗ್. ಒಬ್ಬೊಬ್ಬರಿಗೆ ಒಂದೊಂದು ದೇಶ. ಇತ್ತೀಚೆಗೆ ಯಾವ ದೇಶ ಹೇಗೆ ಆಡಿದೆಯೋ ಆ ಕ್ರಮದಲ್ಲಿ ಸೀಟು. ಕೆಳಗುಳಿದವರು ಕಂಬಿ ಹಿಡಿದು ನಿಲ್ಲಬೇಕು.

ನಾನು ಚಿಕ್ಕಬಳ್ಳಾಪುರದ ಸರ್ಕಾರಿ ಕಚೇರಿಗೆ ಕೆಲಸಕ್ಕೆ ಸೇರಿದಾಗ ಉಳಿದಿದ್ದುದು ವೆಸ್ಟ್ ಇಂಡೀಸ್ ಒಂದೇ. ತಾತನ ಕಾಲದಲ್ಲಿ ಗಡಗಡ ನಡುಗಿಸಿದ ತಂಡವಂತೆ. ನಾನು ಸೇರುವ ಹೊತ್ತಿಗೆ ಪಟ್ಟಿಯ ತಳದಲ್ಲಿತ್ತು. ಎರಡು ವರ್ಷ ನಿಂತೇ ಹೋದೆ, ಬಸ್ಸಿನಲ್ಲಿ ವೆಸ್ಟ್ ಇಂಡೀಸಮ್ಮ ಎಂಬ ಹೆಸರೂ ಬಂತು.

ಲೆಕ್ಕ ಇಡುವವರು ಭಾಯಿ. ಅರವತ್ತು ದಾಟಿದ ಮನುಷ್ಯ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೋಗುತ್ತಾರೆ. ಹರಾಜಿನಲ್ಲಿ ರೇಷ್ಮೆಗೂಡು ಕೊಳ್ಳುವುದು ಅವರ ಕಸುಬು. ಮೊದಲ ದಿನವೇ ನನಗೆ ನಿಯಮ ಹೇಳಿಕೊಟ್ಟರು. ತವರಿನಲ್ಲಿ ಗೆದ್ದರೆ ಒಂದು, ಹೊರಗೆ ಹೋಗಿ ಗೆದ್ದರೆ ಎರಡು, ಎರಡು ವರ್ಷಕ್ಕಿಂತ ಹಳೆಯದಕ್ಕೆ ಸೊನ್ನೆ.

"ಹೋದ ಬೆಳೆ ಚೆನ್ನಾಗಿತ್ತು ಅಂತ ಗೂಡಿಗೆ ಯಾರೂ ರೇಟು ಕೂಗಲ್ಲಮ್ಮ," ಎಂದರು. "ಇವತ್ತು ತಂದಿರೋ ಗೂಡು ಹೆಂಗಿದೆ, ಅದೇ ಲೆಕ್ಕ."

ಟಿ-ಟ್ವೆಂಟಿ ಯಾಕೆ ಬೇಡ ಎಂದು ಕೇಳಿದ್ದಕ್ಕೆ ನಕ್ಕರು. "ಅದರ ಲೆಕ್ಕ ಹಿಡಿದರೆ ಕೂತೋರು ಬೆನ್ನು ಒರಗಿಸೋ ಹೊತ್ತಿಗೆ ಎಬ್ಬಿಸಬೇಕು. ಟೆಸ್ಟು ನಿಧಾನ. ಒಂದ್ಸಲ ಕೂತರೆ ಎರಡು ತಿಂಗಳು ನೆಮ್ಮದಿ." ಭಾಯಿಯದು ಆಸ್ಟ್ರೇಲಿಯಾ. ಆಮೇಲೆ ಅದು ವಿಶ್ವ ಚಾಂಪಿಯನ್ ಕೂಡ ಆಯಿತು, ಅವರ ಕಿಟಕಿ ಸೀಟನ್ನು ಅಲ್ಲಾಡಿಸುವವರೇ ಇರಲಿಲ್ಲ.

ಉಳಿದವರಲ್ಲಿ ಇಬ್ಬರ ಬಗ್ಗೆ ಹೇಳಲೇಬೇಕು. ಒಬ್ಬರು ಆಸ್ಪತ್ರೆಯ ನರ್ಸಕ್ಕ, ನ್ಯೂಜಿಲೆಂಡ್. ಹೆಚ್ಚು ಮಾತಿಲ್ಲ, ಕಣ್ಣು ಮಾತ್ರ ಎಲ್ಲ ಕಡೆ. ಇನ್ನೊಬ್ಬರು ಸ್ಕೂಲಿನ ಪಿ.ಟಿ. ಮೇಷ್ಟ್ರು, ಇಂಗ್ಲೆಂಡ್. ಅವರ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ.

ಆ ವರ್ಷ ಚಳಿಗಾಲದಲ್ಲಿ ನಾನು ಮೂರನೆಯ ಸಲ ಬಸುರಿಯಾದೆ. ಮೊದಲಿನ ಎರಡೂ ನಿಂತಿರಲಿಲ್ಲ. ಎರಡನೆಯದು ಹೋದಾಗ ಕಚೇರಿಯಲ್ಲಿ ಎಲ್ಲರೂ ನನ್ನ ಜೊತೆ ಮೆಲ್ಲನೆಯ ದನಿಯಲ್ಲಿ ಮಾತಾಡಲು ಶುರುಮಾಡಿದ್ದರು. ಬೀದಿಯಲ್ಲಿ ಹೆಂಗಸರು "ಅಯ್ಯೋ ಪಾಪ" ಅನ್ನುತ್ತ ಗಲ್ಲ ಸವರುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಪಾಪ ಅನ್ನಿಸಿಕೊಳ್ಳುವುದಕ್ಕಿಂತ ಬೈಸಿಕೊಳ್ಳುವುದು ವಾಸಿ ಅನ್ನಿಸಿಬಿಟ್ಟಿತ್ತು. ಆ ದಿನಗಳಲ್ಲಿ ಬಸ್ಸೊಂದೇ ನನಗೆ ಸಮಾಧಾನದ ಜಾಗ. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಅಲ್ಲಿ ನಾನು ಸೋತ ತಂಡದವಳು ಅಷ್ಟೇ, ಮತ್ತೆ ಆ ಸೋಲನ್ನು ಎಲ್ಲರೂ ಬಾಯಿ ತುಂಬಾ ಆಡಿಕೊಂಡು ನಗುತ್ತಿದ್ದರು.

ಡಾಕ್ಟರಮ್ಮ ಹೆಚ್ಚು ಹೊತ್ತು ನಿಲ್ಲಬೇಡ ಎಂದರು. ಅತ್ತೆ, "ಐದು ತುಂಬೋವರೆಗೂ ಯಾರ ಹತ್ರಾನೂ ಬಾಯಿಬಿಡಬೇಡಮ್ಮ, ಕಣ್ಣಾಗುತ್ತೆ," ಎಂದರು. ಈ ಎರಡೂ ಮಾತನ್ನು ಒಟ್ಟಿಗೆ ಪಾಲಿಸುವುದು ಹೇಗೆ ಎಂದು ಇಬ್ಬರೂ ಹೇಳಲಿಲ್ಲ. ರಜೆಯೆಲ್ಲ ಹಿಂದಿನ ಎರಡು ಸಲಕ್ಕೇ ಖರ್ಚಾಗಿತ್ತು. ಹಾಗಾಗಿ ನಿಂತೇ ಹೋಗುತ್ತಿದ್ದೆ. ಜನವರಿಯ ಮಂಜು, ಮುಚ್ಚಿದ ಕಿಟಕಿ, ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿಗೆ ಹೋಗುವ ಸೇವಂತಿಗೆ ಮೂಟೆಗಳ ವಾಸನೆ. ಹೊಟ್ಟೆ ತೊಳಸುತ್ತಿತ್ತು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಉಪ್ಪು ಹಚ್ಚಿದ ನೆಲ್ಲಿಕಾಯಿ. ರಸ್ತೆಯ ಪ್ರತಿ ಹಂಪಿಗೂ ಜೀವ ಬಾಯಿಗೆ ಬರುತ್ತಿತ್ತು. ಒಂದು ವಾರ ಕಳೆದ ಮೇಲೆ ಡ್ರೈವರು ಹಂಪುಗಳಲ್ಲಿ ಬಸ್ಸನ್ನು ಮಗುವಿನ ತೊಟ್ಟಿಲಿನ ಹಾಗೆ ಇಳಿಸತೊಡಗಿದರು. ಹೊಸ ಬ್ರೇಕು ಹಾಕಿಸಿರಬೇಕು ಅಂದುಕೊಂಡೆ.

ವೆಸ್ಟ್ ಇಂಡೀಸ್ ಆಗ ಆಸ್ಟ್ರೇಲಿಯಾ ಪ್ರವಾಸದಲ್ಲಿತ್ತು. ಎರಡೇ ಟೆಸ್ಟಿನ ಸರಣಿ. ಮೊದಲನೆಯದರಲ್ಲಿ ಹತ್ತು ವಿಕೆಟ್ಟಿನಿಂದ ಸೋತರು. ನನ್ನನ್ನು ರೇಗಿಸಲು ಎಲ್ಲರೂ ಕಾದಿದ್ದರು. ಆದರೆ ಅವತ್ತು ಭಾಯಿಯ ಮುಖವೇ ಸಪ್ಪಗಿತ್ತು. "ಗೆದ್ದೋರು ನೀವು, ನೀವ್ಯಾಕೆ ಭಾಯಿ ಹಿಂಗೆ ಕೂತಿದೀರಾ?" ಎಂದು ಮೇಷ್ಟ್ರು ಕೇಳಿದರು. "ಗೂಡಿನ ರೇಟು ಬಿದ್ದೋಯ್ತು," ಎಂದು ಭಾಯಿ ಕಿಟಕಿಯ ಕಡೆ ತಿರುಗಿದರು.

ಎರಡನೆಯ ಟೆಸ್ಟು ಮುಗಿದದ್ದು ಒಂದು ಭಾನುವಾರ. ಅದೇ ದಿನ ಹೈದರಾಬಾದಿನಲ್ಲಿ ಇಂಡಿಯಾ ಇಂಗ್ಲೆಂಡಿನ ಕೈಯಲ್ಲಿ ಸೋತಿತ್ತು. ಅತ್ತ ಆಸ್ಟ್ರೇಲಿಯಾದಲ್ಲಿ, ಕಾಲ್ಬೆರಳಿಗೆ ಪೆಟ್ಟು ಬಿದ್ದಿದ್ದ ಹೊಸ ಹುಡುಗನೊಬ್ಬ ಏಳು ವಿಕೆಟ್ ಕಿತ್ತು, ವೆಸ್ಟ್ ಇಂಡೀಸ್ ಎಂಟು ರನ್ನಿನಿಂದ ಗೆದ್ದಿತ್ತು. ನನಗೆ ವಿಷಯ ಗೊತ್ತಾದದ್ದು ಸೋಮವಾರ ಬಸ್ಸು ಹತ್ತಿದ ಮೇಲೇ. ಡ್ರೈವರಿನ ಮುಖ ಬಾಡಿತ್ತು, ಮೇಷ್ಟ್ರು ಮದುಮಗನ ಹಾಗೆ ಕೂತಿದ್ದರು. ಭಾಯಿ ಮಾತ್ರ ಎದ್ದು ನಿಂತಿದ್ದರು.

"ಇವತ್ತಿಂದ ಹೊಸ ರೂಲು," ಎಂದರು. "ತಳದಲ್ಲಿರೋ ಟೀಮು ಮೇಲಿರೋ ಟೀಮನ್ನ ಅವರ ಮನೆಗೇ ಹೋಗಿ ಸೋಲಿಸಿದರೆ ಇಬ್ಬರ ಜಾಗ ಅದಲು ಬದಲು. ಮತ್ತೆ ಅವರಿಬ್ಬರೂ ಎದುರಾಗೋ ತನಕ ಹಂಗೇ. ಬಾಮ್ಮ, ಕೂತ್ಕೊ."

ಮೇಷ್ಟ್ರು ಸುಮ್ಮನಿರಲಿಲ್ಲ. "ಅದೆಂಗೆ ಭಾಯಿ? ಒಂದು ಮ್ಯಾಚಿಗೆ? ಪಾಯಿಂಟ್ಸ್ ಹಾಕಿ ನೋಡಿ. ನೀವೇ ಅಲ್ವಾ ಹೇಳೋದು, ಲೆಕ್ಕ ಅಂದರೆ ಲೆಕ್ಕ ಅಂತ?"

"ಲೆಕ್ಕ ಬದಲಾಯಿಸಬಾರದು ಮೇಷ್ಟ್ರೇ. ರೂಲು ಬದಲಾಯಿಸಬಹುದು."

ಮೇಷ್ಟ್ರು ಮತ್ತೆ ಬಾಯಿ ತೆರೆದರು. ನರ್ಸಕ್ಕ ಅವರ ಕಡೆ ಒಂದು ನೋಟ ಬಿಟ್ಟರು, ಇಂಜೆಕ್ಷನ್ ಚುಚ್ಚುವ ಮೊದಲು ಬಿಡುವಂಥದು. ಅವರು ತೆರೆದ ಬಾಯಿಗೆ ಬಾಟಲಿಯ ನೀರು ಸುರಿದುಕೊಂಡರು. ನಾನು ಕಿಟಕಿ ಪಕ್ಕ ಕೂತು ಗಾಜು ಸರಿಸಿದೆ. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಅವತ್ತು ದಾರಿಯುದ್ದಕ್ಕೂ ನಾನು ಕೊಚ್ಚಿಕೊಂಡದ್ದು ನೆನೆದರೆ ಈಗ ನಗು ಬರುತ್ತದೆ. ಆ ಏಳು ವಿಕೆಟ್ಟನ್ನು ನಾನೇ ಕಿತ್ತ ಹಾಗೆ ಮಾತಾಡಿದ್ದೆ.

ಆಮೇಲೆ ತಿಂಗಳುಗಟ್ಟಲೆ ವೆಸ್ಟ್ ಇಂಡೀಸ್ ಒಂದು ಟೆಸ್ಟನ್ನೂ ಆಡಲಿಲ್ಲ. ಭಾಯಿ ದಿನಾ ನನ್ನ ಸೀಟಿನ ಪಕ್ಕ ಕಂಬಿ ಹಿಡಿದು ನಿಂತರು. ನಾನು ದಿನಾ ಕೂತೆ, ಹಕ್ಕಿನಿಂದ ಕೂತೆ. ನನಗೆ ಮೂರು ತಿಂಗಳು ದಾಟಿತು. ಹಿಂದಿನ ಎರಡೂ ಸಲ ದಾಟದ ಗೆರೆ ಅದು. ಆ ಬೆಳಿಗ್ಗೆ ಗಾಜಿಗೆ ಹಣೆ ಒತ್ತಿಕೊಂಡು ಯಾರಿಗೂ ಕಾಣದ ಹಾಗೆ ಅತ್ತುಬಿಟ್ಟೆ.

ಐದು ತುಂಬಿದ ಮೇಲೆ ಅತ್ತೆಯ ಅಪ್ಪಣೆಯಾಯಿತು. ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿಯಲ್ಲಿ ತಂದೆ. ಬಸ್ಸು ಹೊರಟ ಮೇಲೆ ಎಲ್ಲರಿಗೂ ಕೊಟ್ಟು ವಿಷಯ ಹೇಳಿದೆ. ಯಾರೂ ಬೆಚ್ಚಲಿಲ್ಲ. ಭಾಯಿ ಮಿಠಾಯಿಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಕಂಡಕ್ಟರು ಇನ್ನೊಂದು ಕೇಳಿ ಇಸಕೊಂಡು ಹೋಗಿ ಡ್ರೈವರಿಗೆ ಕೊಟ್ಟರು. ಮೇಷ್ಟ್ರು "ಓ, ಹೌದಾ? ಗೊತ್ತೇ ಇರಲಿಲ್ಲ," ಎಂದು ನಾಟಕ ಮಾಡಲು ಹೋಗಿ ಸಿಕ್ಕಿಬಿದ್ದರು. ಆ ಮನುಷ್ಯನಿಗೆ ಸುಳ್ಳು ಹೇಳಿ ಅಭ್ಯಾಸವೇ ಇಲ್ಲ.

"ನಿಮಗೆಲ್ಲ ಮೊದಲೇ ಗೊತ್ತಿತ್ತಾ?" ಎಂದು ನರ್ಸಕ್ಕನನ್ನು ಕೇಳಿದೆ. ನನ್ನ ದನಿ ಏರಿತ್ತು.

"ಹೊಟ್ಟೆ ಹಿಡ್ಕೊಂಡು ನೆಲ್ಲಿಕಾಯಿ ತಿನ್ನೋಳನ್ನ ನೋಡಿದ್ರೆ ಗೊತ್ತಾಗಲ್ವೇನೆ? ಹೊಸ ವರ್ಷದ ವಾರವೇ ಗೊತ್ತಾಯ್ತು. ನಾನು ಎದ್ದು ಜಾಗ ಕೊಡ್ತೀನಿ ಅಂದೆ. ಭಾಯಿ ಬೇಡ ಅಂದ್ರು. ಕೊಟ್ರೆ ನಮಗೆ ಗೊತ್ತು ಅಂತ ಅವಳಿಗೆ ಗೊತ್ತಾಗುತ್ತೆ, ನಾಳೆಯಿಂದ ಬೇರೆ ಬಸ್ಸಿಗೆ ಹೋಗ್ತಾಳೆ ಅಂದ್ರು. ನೀನು ಕಿಟಕಿ ಸೀಟಲ್ಲಿ ಕೂರೋವರೆಗೂ ಮೇಷ್ಟ್ರಿಗೆ ಬೇಕಂತಲೇ ಹೇಳಿರಲಿಲ್ಲ. ಇವರಿಗೆ ಹೇಳಿದ್ರೆ ಶಿಡ್ಲಘಟ್ಟದವರೆಗೂ ಸುದ್ದಿ."

"ನಿನ್ನ ಟೀಮು ಗೆಲ್ಲಲಿ ಅಂತ ಕಾಯ್ತಿದ್ವಿ," ಎಂದರು ಭಾಯಿ. "ನನ್ನ ಲೈಫಲ್ಲಿ ಆಸ್ಟ್ರೇಲಿಯಾ ಸೋಲಲಿ ಅಂತ ದುವಾ ಮಾಡಿದ್ದು ಅದೇ ಫಸ್ಟು."

ಸಿಟ್ಟು ಬರಬೇಕಿತ್ತು. ನನ್ನ ಗುಟ್ಟನ್ನು ಇಡೀ ಬಸ್ಸು ತಿಂಗಳುಗಟ್ಟಲೆ ಹೊತ್ತುಕೊಂಡು ಓಡಾಡಿತ್ತು. ಒಂದು ಸಲವೂ, ಒಬ್ಬರ ಕಣ್ಣಲ್ಲೂ "ಅಯ್ಯೋ ಪಾಪ" ಕಾಣಿಸಿರಲಿಲ್ಲ. ನನಗೆ ಬೇಕಾದ್ದು ಅದೊಂದೇ ಎಂದು ಇವರಿಗೆ ಹೇಗೆ ತಿಳಿಯಿತೋ. ಖಾಲಿ ಡಬ್ಬಿಯ ಮುಚ್ಚಳ ಹಾಕಿ ತೆಗೆದು ಮಾಡುತ್ತ ಕೂತೆ. ಆ ಋಣ ಇವತ್ತಿಗೂ ನನ್ನ ಮೇಲಿದೆ, ಇರಲಿ ಎಂದೇ ಆಸೆ.

ಜುಲೈನಲ್ಲಿ ವೆಸ್ಟ್ ಇಂಡೀಸ್ ಇಂಗ್ಲೆಂಡಿಗೆ ಹೋಗಿ ಮೂರಕ್ಕೆ ಮೂರೂ ಸೋತು ಬಂತು. ಆಗ ನನಗೆ ಎಂಟು ತಿಂಗಳು ಸಮೀಪ. ನ್ಯಾಯವಾಗಿ ಏಳಬೇಕು ಎಂದು ಎದ್ದೆ. "ಸೋತಿದ್ದು ಇಂಗ್ಲೆಂಡಿನ ಕೈಲಿ," ಎಂದರು ಭಾಯಿ. "ನಮ್ಮಿಬ್ಬರ ವ್ಯವಹಾರಕ್ಕೂ ಅದಕ್ಕೂ ಸಂಬಂಧ ಇಲ್ಲ. ಕೂತ್ಕೊ." ಮೇಷ್ಟ್ರು ಮೂರು ಗೆಲುವನ್ನೂ ಬಾಯಿಗೆ ಬೀಗ ಹಾಕಿಕೊಂಡು ಅನುಭವಿಸಿದರು. ಅವರ ಮಟ್ಟಿಗೆ ಅದೂ ದೊಡ್ಡ ತ್ಯಾಗವೇ.

ಮಗಳು ಹುಟ್ಟಿದಳು. ದುಂಡಗೆ, ಗಟ್ಟಿ ದನಿಯವಳು. ಆರು ತಿಂಗಳ ಹೆರಿಗೆ ರಜೆ ಮುಗಿಸಿ ಮತ್ತೆ ಬಸ್ಸು ಹತ್ತಿದರೆ, ಭಾಯಿ ಕಿಟಕಿ ಸೀಟಿನಿಂದ ಎದ್ದರು. "ಇಬ್ಬರೂ ಇನ್ನೂ ಎದುರಾಗಿಲ್ಲವಲ್ಲ," ಎಂದರು. ಮೊದಲ ದಿನ ಸುಮ್ಮನೆ ಕೂತೆ. ಆಮೇಲೆ ಕಣ್ಣಿಗೆ ಬೀಳತೊಡಗಿತು. ಭಾಯಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದರು. ಹತ್ತಿರ ನಿಂತರೆ ನೋವಿನ ಮುಲಾಮಿನ ವಾಸನೆ. ನರ್ಸಕ್ಕನನ್ನು ಕೇಳಿದೆ. ಎರಡೂ ಮಂಡಿ ಸವೆದಿವೆ, ಎರಡು ವರ್ಷದಿಂದ ಹಾಗೇ ಇದೆ ಎಂದರು. ಅಂದರೆ ನಾನು ಜಂಬದಿಂದ ಕೂತಿದ್ದ ಅಷ್ಟು ದಿನವೂ ಅವರು ಆ ಮಂಡಿಯ ಮೇಲೇ ನಿಂತಿದ್ದರು.

ಎದ್ದು ಜಾಗ ಕೊಟ್ಟೆ. ಕೂರಲಿಲ್ಲ. ಗದರಿದೆ. ಕೂರಲಿಲ್ಲ. "ಲೆಕ್ಕ ಅಂದರೆ ಲೆಕ್ಕ," ಎಂದರು. ಅವರಿಗೂ ಪಾಪ ಅನ್ನಿಸಿಕೊಳ್ಳುವುದು ಬೇಡವಾಗಿತ್ತು ಎಂದು ಆಗ ಅರ್ಥವಾಯಿತು. ನನ್ನನ್ನು ಅಷ್ಟು ಸರಿಯಾಗಿ ಓದಿದ್ದು ಹೇಗೆ ಎಂದೂ ಅರ್ಥವಾಯಿತು. ಇನ್ನು ಉಳಿದ ದಾರಿ ಒಂದೇ, ಕಾಯುವುದು. ಆಸ್ಟ್ರೇಲಿಯಾ ಯಾವಾಗ ವೆಸ್ಟ್ ಇಂಡೀಸಿಗೆ ಹೋಗುತ್ತದೆ ಎಂದು ಫೋನಿನಲ್ಲಿ ನೋಡಿಟ್ಟುಕೊಂಡೆ. ಮಗಳಿಗೆ ಗಂಜಿ ತಿನ್ನಿಸುತ್ತ ನನ್ನ ತಂಡ ಸೋಲಲಿ ಎಂದು ದೇವರನ್ನು ಬೇಡಿಕೊಂಡೆ.

ಸರಣಿ ಕೊನೆಗೂ ಬಂತು. ಮೊದಲ ಟೆಸ್ಟು ಸೋತೆವು. ಎದ್ದೆ. "ಸರಣಿ ಮುಗೀಲಿ," ಎಂದರು ಭಾಯಿ. ಎರಡನೆಯದೂ ಸೋತೆವು. "ಇನ್ನೊಂದಿದೆಯಲ್ಲ," ಎಂದರು. ಮೂರನೆಯದು ಮುಗಿದ ಬೆಳಿಗ್ಗೆ ಎದ್ದು ಫೋನ್ ನೋಡಿದರೆ, ವೆಸ್ಟ್ ಇಂಡೀಸ್ ಇಪ್ಪತ್ತೇಳು ರನ್ನಿಗೆ ಆಲ್ ಔಟ್. ಎಕ್ಸ್‌ಟ್ರಾ ಸೇರಿಸಿಯೇ ಇಪ್ಪತ್ತೇಳು. ಆ ಅವಮಾನಕ್ಕೆ ನನ್ನಷ್ಟು ಖುಷಿಪಟ್ಟ ಅಭಿಮಾನಿ ಭೂಮಿಯ ಮೇಲೆ ಇನ್ನೊಬ್ಬಳಿರಲಾರಳು. ಅಡುಗೆಮನೆಯಿಂದ ಅತ್ತೆ, "ಏನಾಯ್ತೇ, ಗೆದ್ರಾ?" ಎಂದರು. "ಇಲ್ಲ ಅತ್ತೆ, ಚೆನ್ನಾಗಿ ಸೋತ್ವಿ," ಎಂದೆ.

ಬಸ್ಸು ಹತ್ತಿದೆ. ನನಗಾಗಿ ಹಿಡಿದಿಟ್ಟ ಸೀಟಿನ ಮೇಲೆ ನರ್ಸಕ್ಕನ ಬ್ಯಾಗು ಇತ್ತು. ಅದನ್ನೆತ್ತಿ ಅವರ ತೊಡೆಯ ಮೇಲಿಟ್ಟು, ಭಾಯಿಗೆ ಕೈ ತೋರಿಸಿದೆ. ಅವರು ನೆವ ಹುಡುಕಿದರು. ಮೇಷ್ಟ್ರ ಮುಖ ನೋಡಿದರು. ಇಪ್ಪತ್ತೇಳಕ್ಕೆ ಎಲ್ಲಿಯ ನೆವ?

ಕೂತರು. ಎರಡೂ ಅಂಗೈಯನ್ನು ಮಂಡಿಯ ಮೇಲಿಟ್ಟುಕೊಂಡು ಉಸಿರು ಬಿಟ್ಟರು. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ. ಮಂಚೇನಹಳ್ಳಿ ದಾಟಿತು. ನನ್ನ ಕಾಲು ನೋಯಲಿಲ್ಲ, ನೋವಿದ್ದರೂ ತಿಳಿಯುತ್ತಿರಲಿಲ್ಲ.

"ಮಗು ಏನ್ಮಾಡ್ತಿದೆ?" ಎಂದು ಭಾಯಿ ಕೇಳಿದರು.

"ನಿಂತ್ಕೊಳ್ಳೋಕೆ ಕಲೀತಿದಾಳೆ ಭಾಯಿ. ಮಂಚದ ಕಂಬಿ ಹಿಡ್ಕೊಂಡು ನಿಲ್ತಾಳೆ. ಬೀಳ್ತಾಳೇನೋ ಅಂತ ಭಯ."

"ಬೀಳಲ್ಲ ಬಿಡು," ಎಂದರು. "ವೆಸ್ಟ್ ಇಂಡೀಸ್ ಮನೆಯವಳಲ್ವಾ, ನಿಂತು ಅಭ್ಯಾಸ."