ಎಡಗೆನ್ನೆಯ ಬಿಳಿ ಮಚ್ಚೆ

ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವುದು ಅವರ ಕೆಲಸ. ಬಟ್ಟೆ ಬಿಗಿಯಾಗಿ ಎಳೆಯಲು ಒಂದು ಕೈ, ಸುತ್ತಿಗೆಗೆ ಇನ್ನೊಂದು ಕೈ. ಹಾಗಾಗಿ ಮೂವತ್ತು ವರ್ಷ ಬಾಯಿಯೇ ಅವರ ಮೊಳೆಡಬ್ಬಿ. ಹತ್ತು ಹದಿನೈದು ಸಣ್ಣ ಮೊಳೆಗಳನ್ನು ಎಡಗೆನ್ನೆಯೊಳಗೆ ಇಟ್ಟುಕೊಂಡು, ನಾಲಿಗೆಯಿಂದ ಒಂದೊಂದಾಗಿ ತುಟಿಗೆ ತರುತ್ತಿದ್ದರು. ಬೀದಿಯವರಿಗೆ ಅವರು ‘ಮೊಳೆಬಾಯಿ’. ಕೆಲಸ ಮುಗಿದು ಮೊಳೆ ಉಗುಳಿದರೆ ಅದೇ ಜಾಗಕ್ಕೆ ಹೊಗೆಸೊಪ್ಪು ಹೋಗುತ್ತಿತ್ತು.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ತಂಗಿ ಒಂದು ಭಾನುವಾರ ಊಟಕ್ಕೆ ಬಂದವಳು ಕೇಳಿದಳು:

“ಏನಣ್ಣ, ಒಂದೇ ಕಡೆ ಅಗೀತಿದ್ದೀಯ?”

“ಈ ಕಡೆ ಖಾರ ತಾಗಿದ್ರೆ ಉರಿಯುತ್ತೆ ಕಣೆ. ಮೊಳೆ ಚುಚ್ಚಿ ಚುಚ್ಚಿ, ಹೆಬ್ಬೆರಳಲ್ಲಿ ಕಟ್ಟಿದ ಹಾಗೆ ಅಲ್ಲೂ ಜಡ್ಡು ಕಟ್ಟಿದೆ.”

“ಹೆಬ್ಬೆರಳಿಗೂ ಹೊಗೆಸೊಪ್ಪು ತಿನ್ನಿಸಿದ್ರಾ?” ಎಂದಳು ಹೆಂಡತಿ ಒಳಗಿನಿಂದ.

ತಂಗಿ ನಗಲಿಲ್ಲ. ಅಣ್ಣನ ಕೈ ತೊಳೆಸಿ, ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕನ್ನಡಿ ಕೊಟ್ಟಳು. ತುಟಿ ಮಡಚಿ, ಕೆನ್ನೆ ಹಿಗ್ಗಿಸಿ, ನಾಲಿಗೆ ಎತ್ತಿ ಅದರ ಎರಡೂ ಅಂಚು ನೋಡಿಸಿದಳು. ಗಂಟು ಕೈಗೆ ಸಿಗುತ್ತದೆಯೇ ಎಂದು ಕತ್ತು ಒತ್ತಿ ನೋಡಲು ಹೇಳಿದಳು. ಗಂಟಿರಲಿಲ್ಲ. ಎಡಗೆನ್ನೆಯಲ್ಲಿ ಮಾತ್ರ, ಒರೆಸಿದರೂ ಹೋಗದ ಬಿಳಿ ಮಚ್ಚೆ.

“ಎರಡು ವಾರ ಮೊಳೆ, ಸೊಪ್ಪು ಎರಡೂ ಬಿಡು. ಆಗ್ಲೂ ಹೋಗದಿದ್ರೆ ಡಾಕ್ಟರ ಹತ್ರ ನಡಿ.”

ಅವರು ಅರ್ಧ ಮಾತ್ರ ಕೇಳಿದರು. ಮೊಳೆ ಬಲಗೆನ್ನೆಗೆ ಹೋಯಿತು. ಸೊಪ್ಪು ಎಡಕ್ಕೇ ಉಳಿಯಿತು. ತಪ್ಪು ಮೊಳೆಯದಾದರೆ ಸೊಪ್ಪು ಬಿಡಬೇಕಿಲ್ಲವಲ್ಲ! ಆದರೂ ದಿನಾ ಬೆಳಿಗ್ಗೆ ಕನ್ನಡಿ ಹಿಡಿದರು. ಹದಿನೈದನೆಯ ದಿನ ಮೊಳೆ ತುಂಬಿದ್ದ ಬಲಗೆನ್ನೆ ನುಣ್ಣಗಿತ್ತು. ಮೊಳೆ ಕಾಣದ ಎಡಗೆನ್ನೆಯಲ್ಲಿ ಮಚ್ಚೆ ಹಾಗೇ ಇತ್ತು. ತಂಗಿಗೆ ತಾವೇ ಫೋನು ಮಾಡಿದರು.

ಡಾಕ್ಟರು ಮಚ್ಚೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರಲು ಎಂಟು ದಿನ. ಆ ಎಂಟು ದಿನ ಅವರು ಸೊಪ್ಪು ಮುಟ್ಟಲಿಲ್ಲ, ಯಾರ ಸೋಫಾವನ್ನೂ ಒಪ್ಪಿಕೊಳ್ಳಲಿಲ್ಲ.

“ಇನ್ನೂ ಕ್ಯಾನ್ಸರ್ ಆಗಿಲ್ಲ, ಆದ್ರೆ ಆ ದಾರಿ ಹಿಡಿದಿದೆ. ತೆಗೆದುಬಿಡೋಣ. ಸೊಪ್ಪು ಮತ್ತೆ ಮುಟ್ಟಬೇಡಿ. ತಿಂಗಳಿಗೊಮ್ಮೆ ನೀವೇ ಬಾಯಿ ನೋಡ್ಕೊಳ್ಳಿ, ಮೂರು ತಿಂಗಳಿಗೊಮ್ಮೆ ನನಗೆ ತೋರಿಸಿ,” ಎಂದರು ಡಾಕ್ಟರು.

ಹೊರಗೆ ಬೆಂಚಿನಲ್ಲಿದ್ದ ಹೆಂಡತಿ ಎದ್ದು ನಿಂತಳು. ಅವರೇ ಹೇಳಿದರು:

“ಗುರುವಾರ ಕೊಯ್ದು ತೆಗೀತಾರಂತೆ. ಬೇಗ ಬಂದಿದ್ದೀರಿ ಅಂದ್ರು.”

“ಬೇಗವಂತೆ, ಬೇಗ!” ಎಂದು ಶುರು ಮಾಡಿದವಳು, ಬಸ್ಸು ಬರುವವರೆಗೂ ಬೈದಳು.