ಏರ್‌ಗನ್ನಿನ ಗೀರುಗಳು

ಸೇಡಂನಲ್ಲಿ ನಮ್ಮ ಓಣಿಯ ಕೊನೆಯ ಮನೆಯ ಹಿರಿಯರನ್ನು ನಾನು ಕಾಕಾ ಎಂದೇ ಕರೆಯುತ್ತೇನೆ. ಆಡಕಿ ಹಳ್ಳಿಯಲ್ಲಿ ಅವರ ಹೊಲವಿದೆ. ಹೋದ ವರ್ಷ ಜೋಳ ಹಾಲುಗಾಳು ಕಟ್ಟಿದ ಹೊತ್ತಿನಲ್ಲಿ ಅವರು ಹಳೆಯ ಚಾದರದಲ್ಲಿ ಸುತ್ತಿದ್ದ ಏರ್‌ಗನ್ ಒಂದನ್ನು ನಮ್ಮ ಮನೆಗೆ ತಂದರು. ಕೆಟ್ಟ ಸಾಮಾನು ಬಿಚ್ಚಿ ಜೋಡಿಸುವ ನನ್ನ ಹುಚ್ಚು ಓಣಿಗೆಲ್ಲ ಗೊತ್ತು.

"ಸ್ಪ್ರಿಂಗ್ ಮುರದದ ತಮ್ಮಾ. ಅದೊಂದು ಹಾಕಿ ಕೊಡು. ಗಿಣಿ ಭಾಳ ಬರಾಕತ್ತಾವ," ಎಂದರು.

ಅದೊಂದು ಎಂದೇ ಅವರು ಹೇಳಿದ್ದು.

ಬಿಚ್ಚಿ ನೋಡಿದರೆ ಸ್ಪ್ರಿಂಗ್ ಎರಡು ತುಂಡಾಗಿತ್ತು. ಗಾಳಿ ತಳ್ಳುವ ಚರ್ಮದ ವಾಶರ್ ಒಣಗಿ ಹಪ್ಪಳದಂತಾಗಿತ್ತು. ಕಲಬುರಗಿಯಿಂದ ಸ್ಪ್ರಿಂಗ್ ತರಿಸಿದೆ. ನನ್ನ ಹಳೆಯ ಬೆಲ್ಟಿನಿಂದ ವಾಶರ್ ಕತ್ತರಿಸಿ ಎಣ್ಣೆಯಲ್ಲಿ ನೆನೆಹಾಕಿದೆ. ಎಲ್ಲ ಜೋಡಿಸಿ, ನಳಿಗೆ ಬಗ್ಗಿಸಿ ಚರೆ ತುಂಬಿ, ಟ್ರಿಗರ್ ಎಳೆದಾಗ ಹಿತ್ತಲಿನ ಡಬ್ಬಿಗೆ ತೂತು ಬಿತ್ತು. ಕೆಲಸ ಅಲ್ಲಿಗೇ ಮುಗಿದಿತ್ತು.

ಆದರೆ ನನಗೆ ಮೆಚ್ಚುಗೆ ಬೇಕಿತ್ತು. ಗುರಿ ಹಿಡಿಯುವಾಗ ಗಲ್ಲ ತಾಗುವ ಜಾಗದಲ್ಲಿ, ಕಟ್ಟಿಗೆಯ ಮೇಲೆ ಯಾರೋ ಮೊಳೆಯಿಂದ ಗೀಚಿದಂತೆ ಸಣ್ಣ ಗೀರುಗಳಿದ್ದವು. ಪಾಲಿಶ್ ಪೇಪರಿನಿಂದ ತಿಕ್ಕಿ ತಿಕ್ಕಿ ಅವನ್ನೆಲ್ಲ ಅಳಿಸಿದೆ. ವಾರ್ನಿಶ್ ಬಳಿದೆ. ಹೊಳೆಯುವ ಬಂದೂಕಿನ ಫೋಟೊ ಗೆಳೆಯರಿಗೆಲ್ಲ ಕಳಿಸಿದೆ.

ಕಾಕಾ ಬಂದರು. ಕಣ್ಣಿಗೆ ಪೊರೆ ಬಂದು ಅವರಿಗೆ ನೋಟ ಮಂಜು. ಕೈಯಿಂದಲೇ ನೋಡಿದರು. ಹೆಬ್ಬೆರಳು ಆ ಜಾಗಕ್ಕೆ ಬಂದು ನಿಂತಿತು, ಹಿಂದೆ ಸರಿಯಿತು, ಮತ್ತೆ ಬಂತು.

"ಇಲ್ಲಿ ಗೀರು ಇದ್ದವಲ್ಲ?"

"ತೆಗದೀನ್ರಿ ಕಾಕಾ. ನುಣ್ಣಗ ಮಾಡೀನಿ," ಎಂದೆ. ಆ ದನಿಯಲ್ಲಿದ್ದ ಹೆಮ್ಮೆ ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ.

ಅವರು ನುಣ್ಣಗಾದ ಕಟ್ಟಿಗೆಯನ್ನು ಮತ್ತೊಮ್ಮೆ ಸವರಿದರು. "ನಿಮ್ಮ ಕಾಕುನ ಜುಮುಕಿ ತಾಕಿ ಆಗಿದ್ವು. ಗಿಣಿ ಓಡಸೋದು ಆಕಿದೇ ಕೆಲಸ. ಅಟ್ಟಣಿಗಿ ಮ್ಯಾಲ ನಿಂತು ಗಲ್ಲ ಹಚ್ಚಿ ಗುರಿ ಹಿಡದ್ರ, ಜುಮುಕಿ ಅಲ್ಲೇ ತಿಕ್ಕತಿತ್ತು."

ಕಾಕಾ ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡು ಆಗಲೇ ವರ್ಷ ದಾಟಿತ್ತು. ಅವರ ಮಣ್ಣಿಗೆ ನಾನೂ ಹೋಗಿದ್ದೆ.

ತಲೆ ತಗ್ಗಿಸಿದೆ. ತಪ್ಪಾಯಿತು ಎನ್ನುವುದನ್ನು ಬಿಟ್ಟು ವಾರ್ನಿಶ್ ಡಬ್ಬಿಯ ಮುಚ್ಚಳ ಬಿಗಿ ಮಾಡಿದೆ. ಕಾಕಾ ಅವರೇ, "ಇರ್ಲಿ ಬಿಡು. ನಾ ಮೊದಲೇ ಹೇಳಬೇಕಾಗಿತ್ತು," ಎಂದರು. ಬೈದಿದ್ದರೆ ಹಗುರಾಗುತ್ತಿದ್ದೆ. ಬಂದೂಕಿಗೆ ಚಾದರ ಸುತ್ತಿಕೊಂಡು ಹೊರಟರು. ಚಹಾ ಕುಡಿದು ಹೋಗ್ರಿ ಎಂದೂ ನಾನು ಅನ್ನಲಿಲ್ಲ.

ಅವರ ಮನೆಯ ಮುಂದೆ ಹಾಯಲು ಮುಖವಿಲ್ಲದೆ ಹಿಂದಿನ ಸಂದಿಯಿಂದ ತಿರುಗಾಡಿದೆ. ಒಂದು ದಿನ ಅವರೇ ಫೋನ್ ಮಾಡಿ ಹೊಲಕ್ಕೆ ಕರೆದರು.

"ನನಗ ಕಣ್ಣ ಕಾಣಂಗಿಲ್ಲ. ನೀನೇ ಒಂದು ಹೊಡಿ."

ತೆನೆಗಳ ಮೇಲೆ ಗಿಣಿಗಳು ಕವಿದಿದ್ದವು. ಬದುವಿನ ಮಣ್ಣಿಗೆ ಗುರಿಯಿಟ್ಟು ಹೊಡೆದೆ. ಹಿಂಡು ಒಮ್ಮೆಲೇ ಎದ್ದಿತು.

"ಆವಾಜ್ ಅದೇ ಅದ," ಎಂದರು ಕಾಕಾ.

ಅಲ್ಲೇ ಬದುವಿನ ಮೇಲೆ ಕುಳಿತು, "ನಂದು ತಪ್ಪಾತ್ರಿ," ಎಂದೆ. ಅವರು ಬುತ್ತಿ ಬಿಚ್ಚಿ ರೊಟ್ಟಿ ನನ್ನ ಕೈಗಿಟ್ಟರು. ತಿಂದೆ. ಅವರ ಮುಖ ನೋಡಲು ಮಾತ್ರ ಆಗಲಿಲ್ಲ.